ಆರ್ದ್ರಾಳ ಅಪ್ಪನಿಗೊಂದು ಡೌಟು

ಬೆಳಕು ಇನ್ನೂ ನೀರಿಗೆ ಇಳಿದಿಲ್ಲ. ಪುಷ್ಕರನ್ ಇಳಿದಾಗಿದೆ.

ವೇಂಬನಾಡು ಹಿನ್ನೀರಿನ ನಡುವೆ, ದಡದ ತೆಂಗುಗಳು ಬರೀ ಕಪ್ಪು ಗೆರೆಯಾಗಿ ಕಾಣುವಷ್ಟು ದೂರದಲ್ಲಿ, ಸಣ್ಣ ದೋಣಿಯೊಂದು ಖಾಲಿಯಾಗಿ ತೇಲುತ್ತಿದೆ. ಅದರ ಮೂತಿಗೆ ಕಟ್ಟಿದ ಹಗ್ಗ ನೇರ ನೀರೊಳಕ್ಕೆ ಹೋಗಿದೆ. ನೋಡಿದವರಿಗೆ ಯಾರೋ ದೋಣಿ ಬಿಟ್ಟು ಹೋಗಿದ್ದಾರೆ ಅನ್ನಿಸಬೇಕು. ಸ್ವಲ್ಪ ಹೊತ್ತಿಗೆ ನೀರು ಒಡೆದು ಒಂದು ನರೆತ ತಲೆ ಮೇಲೆ ಬರುತ್ತದೆ, ಅದರ ಹಿಂದೆಯೇ ಕೆಸರು ಸುರಿಸುತ್ತ ಬಲೆಯ ಬುಟ್ಟಿ. ಬುಟ್ಟಿ ತುಂಬ ಕಪ್ಪೆಚಿಪ್ಪು. ಅದನ್ನು ದೋಣಿಯೊಳಗೆ ಸುರಿದು, ಅಂಚು ಹಿಡಿದು ಉಸಿರು ತಿರುಗಿಸಿಕೊಂಡು, ಪುಷ್ಕರನ್ ಮತ್ತೆ ಮುಳುಗುತ್ತಾರೆ.

ತಳದಲ್ಲಿ ಕಣ್ಣು ಬಿಟ್ಟರೂ ಕೆಸರಿನ ಹೊರತು ಏನೂ ಕಾಣುವುದಿಲ್ಲ. ಕಾಲಿನಿಂದ ತಡಕಿ, ಚಿಪ್ಪಿನ ಹಾಸು ಸಿಕ್ಕಿದಲ್ಲಿ ಕೈಯಿಂದ ಬಾಚಬೇಕು. ನಲವತ್ತೇಳರ ಈ ಮನುಷ್ಯ ಹದಿನಾರನೆಯ ವಯಸ್ಸಿನಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ನೀರಿನ ಒತ್ತಡಕ್ಕೆ ಎಡಗಿವಿ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

"ಕೆಳಗೆ ಕೈಗೆ ಕೆಲಸ, ತಲೆಗೆ ಇಲ್ಲ," ಎನ್ನುತ್ತಾರೆ. "ಅದಕ್ಕೇ ಲೆಕ್ಕಾನ ಅಲ್ಲಿಗೇ ತಗೊಂಡು ಹೋಗ್ತೀನಿ. ಅಲ್ಲಾದ್ರೆ ಯಾರೂ ಮಾತಾಡ್ಸಲ್ಲ."

ಈ ಬೆಳಗ್ಗೆ ಅವರು ಕೆಳಗೆ ಒಯ್ಯುತ್ತಿರುವ ಲೆಕ್ಕ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕಾಗುತ್ತದೆ ಎಂಬುದು. ಇದು ಮಗಳು ಕಳೆದ ವರ್ಷ ತಂದ ಪ್ರಶ್ನೆ. ಅವಳು ಅದನ್ನು ದಾಟಿ ಎಷ್ಟೋ ಪಾಠ ಮುಂದೆ ಹೋಗಿದ್ದಾಳೆ. ಅಪ್ಪ ಇನ್ನೂ ಅಲ್ಲೇ ನಿಂತಿದ್ದಾರೆ.

ಬಿಸಿಲು ಏರುವ ಹೊತ್ತಿಗೆ ದೋಣಿ ತಣ್ಣೀರ್ಮುಕ್ಕಂ ಬದಿಯ ಸಣ್ಣ ಕಾಲುವೆಗೆ, ತೋಡಿಗೆ, ತಿರುಗುತ್ತದೆ. ಮನೆಯ ಹಿಂದೆ ತಗಡಿನ ಮಾಡು, ಅದರ ಕೆಳಗೆ ಒಲೆ. ದೊಡ್ಡ ಕಡಾಯಿಯಲ್ಲಿ ಚಿಪ್ಪು ಬೇಯಿಸಿ, ಬಾಯಿ ಬಿಟ್ಟ ಮೇಲೆ ಜರಡಿ ಹಿಡಿದು ಮಾಂಸ ಬೇರೆ, ಚಿಪ್ಪು ಬೇರೆ ಮಾಡಬೇಕು. ಮಾಂಸ ಪೇಟೆಗೆ ಹೋಗುತ್ತದೆ, ಚಿಪ್ಪು ಸುಣ್ಣದ ಗೂಡಿಗೆ. ಈ ಊರಲ್ಲಿ ಮುಳುಗುವುದು ಗಂಡಸರ ಪಾಲು, ಬೇಯಿಸಿ ಬಿಡಿಸುವುದು ಹೆಂಗಸರ ಪಾಲು. ಪುಷ್ಕರನ್ ಎರಡನ್ನೂ ಒಬ್ಬರೇ ಮಾಡುತ್ತಾರೆ. ಒಲೆಯ ಎದುರು ಎರಡು ಮಣೆಗಳಿವೆ. ಒಂದರ ಮೇಲೆ ಅವರು ಕೂರುತ್ತಾರೆ. ಇನ್ನೊಂದು ಹೆಂಡತಿ ರಜಿಮೋಳ್ ಅವರದು, ಅದರ ಮೇಲೆ ಈಗ ಉಪ್ಪಿನ ಡಬ್ಬಿ ಕೂತಿದೆ.

ಕೇರಳಕ್ಕೆಲ್ಲ ನೆರೆ ಬಂದ ಆ ಪ್ರಳಯದ ವರ್ಷ ಹಳೆಯ ಮನೆಯ ಗೋಡೆಗಳು ನೀರಲ್ಲಿ ಕರಗಿ ಕೂತವು. ಹೊಸ ಗೋಡೆ ಎಬ್ಬಿಸುವ ದಾರಿ ಹುಡುಕುತ್ತಾ ರಜಿಮೋಳ್ ಮಸ್ಕತ್ತಿಗೆ ಹೋದರು, ಹಾಸಿಗೆ ಹಿಡಿದ ಒಬ್ಬ ಮುದುಕಿಯ ಆರೈಕೆಗೆ. ಗೋಡೆ ಎದ್ದಿದೆ, ಮೇಲೆ ಸಿಮೆಂಟಿನ ಮಾಡೂ ಬಂದಿದೆ. ಅವರು ಹೋಗುವಾಗ ಮಗಳು ಆರ್ದ್ರಾ ಆರನೇ ತರಗತಿ.

ಆ ಮನೆಯಲ್ಲಿ ಲೆಕ್ಕ ಎಂದರೆ ರಜಿಮೋಳ್. ಹತ್ತನೇ ತರಗತಿಯವರೆಗೆ ಓದಿದವರು, ಲೆಕ್ಕದಲ್ಲಿ ಒಳ್ಳೆಯ ಕೈ. ಮಾಂಸ ಬಿಡಿಸುತ್ತಲೇ ಮಗಳಿಂದ ಮಗ್ಗಿ ಹೇಳಿಸುತ್ತಿದ್ದರು, ತಪ್ಪಿದರೆ ಒದ್ದೆ ಬೆರಳಿಂದ ಅವಳ ಮೂಗಿನ ಮೇಲೆ ಒಂದು ಬಿಂದು ಇಡುತ್ತಿದ್ದರು. ಐದನೇ ತರಗತಿಯ ನಡುವಲ್ಲೇ ಶಾಲೆ ಬಿಟ್ಟ ಪುಷ್ಕರನ್ ಆ ಕಡೆ ತಲೆ ಹಾಕಿದವರಲ್ಲ. "ಹಾಡು ಕೇಳ್ದಂಗೆ ಕೇಳ್ತಿದ್ದೆ," ಎನ್ನುತ್ತಾರೆ. "ಹಾಡೋರು ಇರುವಾಗ ನಾವ್ಯಾಕೆ ಕಲೀಬೇಕು?"

ಮಸ್ಕತ್ತಿನಿಂದಲೂ ಕಲಿಸುವ ಪ್ರಯತ್ನ ಕೆಲವು ತಿಂಗಳು ನಡೆಯಿತು. ಅಲ್ಲಿ ಮುದುಕಿ ಮಧ್ಯಾಹ್ನ ಕಣ್ಣು ಮುಚ್ಚಿದ ಹೊತ್ತಿಗೆ ಕರೆ ಬರುತ್ತಿತ್ತು. ಆರ್ದ್ರಾ ಪುಸ್ತಕವನ್ನು ಫೋನಿನ ಮುಂದೆ ಹಿಡಿಯುತ್ತಿದ್ದಳು.

"ಬೆಳಕಿಗೆ ಹಿಡಿ ಮೋಳೇ. ಅದು ನಾಲ್ಕಾ, ಒಂಬತ್ತಾ?"

"ನಾಲ್ಕು ಅಮ್ಮಾ."

"ಕೆಳಗೆ ಏನಿದೆ? ಸ್ವಲ್ಪ ಕೆಳಗೆ ಮಾಡು. ಅಯ್ಯೋ, ಈಗ ಬರೀ ನಿನ್ನ ಹೆಬ್ಬೆರಳು ಕಾಣ್ತಿದೆ."

ಅಷ್ಟರಲ್ಲಿ ಅಲ್ಲಿ ಗಂಟೆ ಬಾರಿಸುತ್ತಿತ್ತು, ಮುದುಕಿ ಎದ್ದಿದ್ದಾಳೆ ಎಂದು. ಪರದೆ ಕಪ್ಪಾಗುತ್ತಿತ್ತು. ಅರ್ಧ ಬಿಡಿಸಿದ ಲೆಕ್ಕ ಹಿಡಿದುಕೊಂಡು ಹುಡುಗಿ ಹಾಗೇ ನಿಂತಿರುತ್ತಿದ್ದಳು. ಪುಷ್ಕರನ್ ಒಲೆಯ ಬಳಿಯಿಂದ ನೋಡುತ್ತಿದ್ದರು. ಹತ್ತಿರ ಹೋಗಿ ಏನಾದರೂ ಹೇಳಬೇಕು ಅನ್ನಿಸುತ್ತಿತ್ತು, ಒಲೆಗೆ ಇನ್ನೊಂದು ಕಟ್ಟಿಗೆ ಒಡ್ಡುತ್ತಿದ್ದರು.

ಶಾಲೆಯಲ್ಲಿ ಪಾಲಕರ ಸಭೆ ಕರೆದಾಗ ಲೆಕ್ಕದ ಲಿನ್ಸಿ ಟೀಚರ್, ಮಕ್ಕಳು ಮನೆಯಲ್ಲಿ ಲೆಕ್ಕ ಮಾಡುವಾಗ ದೊಡ್ಡವರು ಯಾರಾದರೂ ಜೊತೆಗೆ ಕೂರಬೇಕು ಎಂದರು. ಎಲ್ಲರಿಗೂ ಹೇಳಿದ ಮಾತು. ಪುಷ್ಕರನ್ ಅದನ್ನು ತಮಗೇ ಹೇಳಿದ್ದು ಎಂದು ತೆಗೆದುಕೊಂಡರು. ಅದೇ ಸಂಜೆ ಸ್ನಾನ ಮಾಡಿ, ಒಗೆದ ಲುಂಗಿ ಉಟ್ಟು, ಮಗಳ ಪಕ್ಕದಲ್ಲಿ ಬಂದು ಕೂತರು. ಅವಳು ಭಿನ್ನರಾಶಿ ಕೂಡಿಸುತ್ತಿದ್ದಳು. ಅರ್ಧಕ್ಕೆ ಮೂರನೇ ಒಂದು ಸೇರಿಸಬೇಕಿತ್ತು.

"ಇದೇನು ಮಹಾ," ಎಂದರು ಪುಷ್ಕರನ್. "ಮೇಲಿಂದಕ್ಕೆ ಮೇಲಿಂದು ಕೂಡು, ಕೆಳಗಿಂದಕ್ಕೆ ಕೆಳಗಿಂದು. ಒಂದೂ ಒಂದೂ ಎರಡು. ಎರಡೂ ಮೂರೂ ಐದು. ಐದನೇ ಎರಡು. ಮುಗೀತು."

"ನಿಜವಾಗ್ಲೂ ಹೀಗೇನಾ ಅಚ್ಛಾ?" ಅಪ್ಪನನ್ನು ಅವಳು ಕರೆಯುವುದು ಹಾಗೆ, ಅಚ್ಛಾ ಎಂದು.

"ಮತ್ತೆ ಇನ್ನು ಹೇಗೆ?"

ಅಪ್ಪನಿಗೆ ಲೆಕ್ಕ ಬರುತ್ತದೆ ಎಂಬ ಖುಷಿಯಲ್ಲಿ ಹುಡುಗಿ ಆ ಪುಟದ ಎಲ್ಲ ಲೆಕ್ಕವನ್ನೂ ಹಾಗೇ ಮಾಡಿದಳು. ಮರುದಿನ ಟೀಚರ್ ಕೇಳಿದಾಗ ಮೊದಲು ಕೈ ಎತ್ತಿದವಳೂ ಅವಳೇ. ಬೋರ್ಡಿನ ಮೇಲೆ ಬರೆದಳು. ಟೀಚರ್ ಸ್ವಲ್ಪ ಹೊತ್ತು ನೋಡಿ, ಅರ್ಧ ರೊಟ್ಟಿ ಇತ್ತು, ಇನ್ನಷ್ಟು ಸೇರಿಸಿದೆ, ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿದರು. ತರಗತಿ ಗೊಳ್ಳೆಂದಿತು. ಯಾರು ಹೇಳಿಕೊಟ್ಟರು ಎಂದಾಗ ಅವಳು, "ಅಪ್ಪ," ಎಂದಳು. ಮತ್ತೊಮ್ಮೆ ನಗು, ಮೊದಲಿಗಿಂತ ಜೋರಾಗಿ.

ಮನೆಗೆ ಬಂದು ಅವಳು ಏನೂ ಹೇಳಲಿಲ್ಲ. ಸಂಜೆ ಸ್ನಾನ ಮಾಡಿ ಬಂದು ಪಕ್ಕದಲ್ಲಿ ಕೂತ ಅಪ್ಪನ ಮುಂದೆ ಪುಸ್ತಕ ಮುಚ್ಚಿದಳು.

"ಬೇಡ ಅಚ್ಛಾ. ನಾನೇ ಮಾಡ್ಕೋತೀನಿ."

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಪುಷ್ಕರನ್. "ಬೈಲಿಲ್ಲ. ನಾನು ಒಳಗೆ ಬಂದ್ರೆ ಪುಸ್ತಕ ಮುಚ್ತಿದ್ಲು. ಹೊರಗೆ ಹೋದ್ರೆ ತೆರೀತಿದ್ಲು. ಅದಕ್ಕೇ ನಾನು ಹೊರಗೇ ಇರ್ತಿದ್ದೆ."

ಆ ಮಳೆಗಾಲ ಅವರಿಗೆ ನೆನಪಿರುವುದು ಹೀಗೆ. ಒಳಗೆ ದೀಪದ ಕೆಳಗೆ ಮಗಳು, ಹೊರಗೆ ತಣ್ಣಗಾದ ಒಲೆಯ ಮುಂದೆ ತಾವು. ಗಂಜಿ, ಹುರಿದ ಚಿಪ್ಪುಮಾಂಸ, ಒಂದು ಉಪ್ಪಿನಕಾಯಿ. ಊಟಕ್ಕೆ ಕೂತಾಗ ಮಾತು ಬಡಿಸುವಷ್ಟಕ್ಕೆ ಮುಗಿಯುತ್ತಿತ್ತು. ಶಾಲೆಯ ಪರೀಕ್ಷೆಯಲ್ಲಿ ಲೆಕ್ಕದ ಅಂಕ ಇಳಿಯುತ್ತಾ ಹೋಯಿತು. ಮಸ್ಕತ್ತಿನಿಂದ ಫೋನ್ ಬಂದರೆ ಮಾತ್ರ ಇಬ್ಬರ ದನಿಯೂ ಒಂದಾಗುತ್ತಿತ್ತು.

"ಲೆಕ್ಕ ಹೇಗಿದೆ?"

"ಚೆನ್ನಾಗಿದೆ ಅಮ್ಮಾ."

"ಹೌದಾ?"

"ಚೆನ್ನಾಗೇ ಮಾಡ್ತಾಳೆ," ಎಂದು ಪುಷ್ಕರನ್ ಹಿಂದಿನಿಂದ ಸೇರಿಸುತ್ತಿದ್ದರು. ಫೋನ್ ಇಟ್ಟ ಮೇಲೆ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕೊನೆಗೊಂದು ದಿನ ಅವರು ಶಾಲೆಗೆ ಹೋದರು. ಎಷ್ಟು ಉಜ್ಜಿ ತೊಳೆದರೂ ಕೈಯಿಂದ ಚಿಪ್ಪಿನ ವಾಸನೆ ಹೋಗುವುದಿಲ್ಲ, ಹಾಗಾಗಿ ಟೀಚರುಗಳ ಕೋಣೆಯ ಒಳಗೆ ಹೋಗದೆ ಬಾಗಿಲಲ್ಲೇ ನಿಂತರು. ಬೋರ್ಡಿನ ಮೇಲಿನ ಐದನೇ ಎರಡರ ಕಥೆ ಅವರಿಗೆ ಗೊತ್ತಾದದ್ದು ಅವತ್ತು, ಲಿನ್ಸಿ ಟೀಚರ್ ಬಾಯಿಂದ.

"ಟೀಚರ್, ಹಾಗಾದ್ರೆ ನನಗೇ ಕಲಿಸಿಬಿಡಿ," ಎಂದರು.

ಟೀಚರ್ ಮನೆಯಲ್ಲಿ ಎರಡು ವರ್ಷದ ಕೂಸು, ಸಂಜೆ ದೋಣಿ ತಪ್ಪಿದರೆ ಅತ್ತೆಯ ಮುಖ ಊದುತ್ತದೆ. ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಭಾನುವಾರ ದೊಡ್ಡವರಿಗೆಂದು ನಡೆಯುವ ಏಳನೇ ತರಗತಿಯ ಪಾಠದ ಬಗ್ಗೆ ಹೇಳಿದರು. ಆಮೇಲೆ ಅಣ್ಣನಿಗೆ ಹೇಳುವಂತೆ, "ಅವಳಿಗೆ ನೀವೇನೂ ಹೇಳಿಕೊಡಬೇಡಿ ಚೇಟಾ. ಸುಮ್ನೆ ಪಕ್ಕದಲ್ಲಿ ಕೂತು ಕೇಳಿ, ಇದು ಹೇಗೆ ಬಂತು ಅಂತ. ಅಷ್ಟು ಸಾಕು," ಎಂದರು.

"ಅವಳು ಕೂರೋಕೆ ಬಿಡಲ್ಲ ಟೀಚರ್."

"ಹಾಗಾದ್ರೆ ಬಿಡೋ ತನಕ ಕಾಯಿರಿ."

ಪುಷ್ಕರನ್ ಕಾದರು. ಕಾಯುತ್ತಾ ಕೂರುವ ಬದಲು ಭಾನುವಾರ ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಮಗಳಿಗೆ ಹೇಳಿದ್ದು, ಚಿಪ್ಪಿನವರ ಸಹಕಾರ ಸಂಘದ ಸಭೆ ಎಂದು. ಅಲ್ಲಿ ಕೂತಿದ್ದವರು ಹೆಚ್ಚಿನವರು ಮೊಮ್ಮಕ್ಕಳನ್ನು ಕಂಡ ಹೆಂಗಸರು, ಹಗ್ಗ ಹೊಸೆದು ಬೆರಳು ಗಟ್ಟಿಯಾದವರು. ಗಂಡಸು ಎಂದರೆ ಇವರೊಬ್ಬರೇ. ಪಾಠ ಮಾಡುತ್ತಿದ್ದ, ಊರಿಗೆಲ್ಲ ಅಕ್ಕನಂತಿದ್ದ ಓಮನಾ ಚೇಚಿ ಚರಿತ್ರೆಯನ್ನು ಇಡೀ ಗ್ರಂಥಾಲಯಕ್ಕೆ ಕೇಳುವಂತೆ ಹೇಳುತ್ತಿದ್ದರು, ಲೆಕ್ಕ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಬಲಗಿವಿ ಅತ್ತ ತಿರುಗಿಸಿ ಕೂತರೂ ಪುಷ್ಕರನ್‌ಗೆ ಅರ್ಧ ಕೇಳಿಸುತ್ತಿರಲಿಲ್ಲ, ಕೇಳಿಸಿದ್ದು ಅರ್ಥವಾಗುತ್ತಿರಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಲು ಬಾಯಿ ಬರುತ್ತಿರಲಿಲ್ಲ.

ಸುದ್ದಿ ನೀರಿನ ಮೇಲೆ ಬೇಗ ಹರಡಿತು. ಬೆಳಗ್ಗೆ ದೋಣಿ ಬಿಡುವಾಗ ಜೊತೆಗೆ ಚಿಪ್ಪಿಗೆ ಮುಳುಗುವ ತಂಬಿ ಕೂಗುತ್ತಿದ್ದ, "ಏನಪ್ಪಾ ಪುಷ್ಕರಾ, ಕಲೆಕ್ಟರ್ ಆದ ಮೇಲೆ ನಮ್ಮನ್ನೆಲ್ಲಾ ಗುರುತು ಹಿಡೀತೀಯಾ?"

"ನಿನ್ನ ಬಿಟ್ಟು ಎಲ್ಲರನ್ನೂ ಹಿಡೀತೀನಿ," ಎನ್ನುತ್ತಿದ್ದರು ಪುಷ್ಕರನ್. ನಗು ಮುಗಿದ ಮೇಲೆ ದೋಣಿಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದವು. ಅವರು ತಮ್ಮದನ್ನು ಎಲ್ಲರಿಗಿಂತ ದೂರ ಒಯ್ಯುತ್ತಿದ್ದರು.

ಪರೀಕ್ಷೆ ಬರೆದರು. ಮಲಯಾಳಂ, ಸಮಾಜ, ವಿಜ್ಞಾನ ಎಲ್ಲ ದಾಟಿತು. ಲೆಕ್ಕ ದಾಟಲಿಲ್ಲ. ಅದನ್ನು ಅವರಿಗೆ ತಿಳಿಸಿದ್ದು ಓಮನಾ ಚೇಚಿ, ಅದೂ ಜೆಟ್ಟಿಯಲ್ಲಿ, ದೋಣಿಯಿಂದ ಶಾಲೆಯ ಮಕ್ಕಳು ಇಳಿಯುತ್ತಿದ್ದ ಹೊತ್ತಿನಲ್ಲಿ, ಚರಿತ್ರೆ ಹೇಳುವ ದನಿಯಲ್ಲಿ.

"ಪುಷ್ಕರಾ, ಲೆಕ್ಕದಲ್ಲಿ ಹೋದ್ಯಲ್ಲೋ. ಉಳಿದದ್ದೆಲ್ಲಾ ಪಾಸು. ಬೇಜಾರು ಮಾಡ್ಕೋಬೇಡ, ಮುಂದಿನ ಸಲ ಕಟ್ಟು."

ಇಳಿಯುತ್ತಿದ್ದ ಮಕ್ಕಳಲ್ಲಿ ಆರ್ದ್ರಾ ಇದ್ದಳು. ಜೊತೆಗೆ ಅವಳ ತರಗತಿಯವರೂ. ಅವಳು ಅಪ್ಪನನ್ನು ನೋಡಿದಳು, ತಲೆ ತಗ್ಗಿಸಿ ಮುಂದೆ ನಡೆದಳು. ಪುಷ್ಕರನ್ ಹಿಂದೆ ಹೋಗಲಿಲ್ಲ. ಜೆಟ್ಟಿಯ ಅಂಗಡಿಯಲ್ಲಿ ಹಾಲಿಲ್ಲದ ಒಂದು ಕಟ್ಟನ್ ಚಾಯ ಹೇಳಿ, ಅದು ಆರುವ ತನಕ ಹಿಡಿದುಕೊಂಡು ಕೂತರು. ಮಗಳಿಗೆ ಇನ್ನೂ ಒಂದು ನಾಚಿಕೆ ತಂದಿಟ್ಟೆ ಎಂಬುದೊಂದೇ ತಲೆಯಲ್ಲಿ.

ಮನೆಗೆ ಬಂದು ಒಲೆ ಹೊತ್ತಿಸಿದರು. ಕಡಾಯಿ ಕುದಿ ಬರುವ ಹೊತ್ತಿಗೆ ಆರ್ದ್ರಾ ಹಿಂದಿನ ಬಾಗಿಲಿಗೆ ಬಂದು ನಿಂತಳು. ಸಮವಸ್ತ್ರ ಬದಲಿಸಿರಲಿಲ್ಲ.

"ಸಂಘದ ಸಭೆ ಅಂದಿದ್ಯಲ್ಲ?"

ಅಪ್ಪ ಕಟ್ಟಿಗೆ ಸರಿ ಮಾಡಿದರು.

"ಯಾಕೆ ಹೋದೆ?"

"ನೀನು ಪುಸ್ತಕ ಮುಚ್ತೀಯಲ್ಲ, ಅದಕ್ಕೆ."

ಅವಳು ಉಪ್ಪಿನ ಡಬ್ಬಿ ಎತ್ತಿ ನೆಲದ ಮೇಲಿಟ್ಟು ಅಮ್ಮನ ಮಣೆಯ ಮೇಲೆ ಕೂತಳು. ಎಡಗಡೆ ಕೂತಿದ್ದಳು, ಆಮೇಲೆ ನೆನಪಾಗಿ ಎದ್ದು ಮಣೆಯನ್ನು ಬಲಗಡೆಗೆ ಎಳೆದುಕೊಂಡಳು.

"ಯಾವ ಲೆಕ್ಕ ಬರ್ಲಿಲ್ಲ?"

"ಎಲ್ಲಾನೂ."

"ಹೇಳು ಅಚ್ಛಾ. ಯಾವುದು?"

"ಭಾಗಾಕಾರ. ಭಿನ್ನರಾಶಿದು. ಎರಡನ್ನ ಅರ್ಧದಿಂದ ಭಾಗಿಸಿದ್ರೆ ನಾಲ್ಕಂತೆ. ಭಾಗ ಮಾಡಿದ್ರೆ ಕಡಿಮೆ ಆಗ್ಬೇಕು ತಾನೇ? ಜಾಸ್ತಿ ಹೇಗಾಗುತ್ತೆ? ನಾನು ಒಂದು ಅಂತ ಬರೆದೆ."

ಕಡಾಯಿಯಲ್ಲಿ ಚಿಪ್ಪುಗಳು ಬಾಯಿ ಬಿಡುವ ಸದ್ದು ಕೇಳುತ್ತಿತ್ತು.

"ಅದು ನನಗೂ ಗೊತ್ತಿಲ್ಲ," ಎಂದಳು. "ತಲೆ ಕೆಳಗೆ ಮಾಡಿ ಗುಣಿಸು ಅಂತಾರೆ, ಮಾಡ್ತೀನಿ. ಯಾಕೆ ಅಂತ ಗೊತ್ತಿಲ್ಲ. ಅಮ್ಮ ಹೋದ ಮೇಲಿಂದ ಯಾವುದೂ ಗೊತ್ತಿಲ್ಲ. ಕ್ಲಾಸಲ್ಲಿ ಪಕ್ಕದಲ್ಲಿ ಕೂರೋ ಫಿದಾಳ ಪುಸ್ತಕ ನೋಡಿ ಬರೀತೀನಿ."

"ಟೀಚರನ್ನ ಕೇಳು ಮೋಳೇ."

"ಕೇಳಿದ್ರೆ ನಗ್ತಾರೆ."

"ನನಗೆ ಗೊತ್ತಿಲ್ಲ ಅಂತ ಕೇಳು. ಅಪ್ಪನಿಗೆ ಡೌಟು ಅನ್ನು. ನನ್ನ ಬಗ್ಗೆ ಆಗ್ಲೇ ನಕ್ಕಾಗಿದೆಯಲ್ಲ."

ಪುಷ್ಕರನ್ ಇದನ್ನು ಯೋಚಿಸಿ ಹೇಳಿದ್ದಲ್ಲ. ಆ ಹೊತ್ತಿಗೆ ಬಾಯಿಗೆ ಬಂತು, ಹೇಳಿದರು. ಅವರು ಮಗಳಿಗೆ ಮಾಡಿಕೊಟ್ಟ ಎಲ್ಲ ಸಹಾಯಕ್ಕಿಂತ ಅದು ದೊಡ್ಡದಾಯಿತು.

ಮರುದಿನ ಅವಳು ಎದ್ದು ನಿಂತು, ಟೀಚರ್, ನನ್ನ ಅಪ್ಪನಿಗೊಂದು ಡೌಟು ಎಂದಳು. ಎರಡು ಲೀಟರ್ ನೀರಿದೆ, ಅರ್ಧ ಲೀಟರಿನ ಬಾಟಲಿಗಳಿವೆ, ಎಷ್ಟು ಬಾಟಲಿ ತುಂಬುತ್ತವೆ ಎಂದು ಟೀಚರ್ ತಿರುಗಿ ಕೇಳಿದರು. ಆ ಸಂಜೆ ಒಲೆಯ ಮುಂದೆ ಅವಳು ಅದನ್ನೇ ಅಪ್ಪನಿಗೆ ಹೇಳಿದಳು. ಅಪ್ಪ ಮೊದಲು ತಲೆಯಾಡಿಸಿದರು. ಆಮೇಲೆ, ತಲೆಯಾಡಿಸಿದ್ದು ಸುಳ್ಳು, ತಿಳಿದಿಲ್ಲ ಎಂದರು. ಅವಳು ಇನ್ನೊಮ್ಮೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳೇ ಒಂದು ಕಡೆ ತಡೆದು ನಿಂತಳು. ಆ ತಡೆದ ಜಾಗವನ್ನು ಮಾರನೆಯ ದಿನ ಮತ್ತೆ ಶಾಲೆಗೆ ಒಯ್ದಳು.

ಹೀಗೆ ಅವರ ಸಂಜೆಗಳು ಬದಲಾದವು. ಮಗಳು ಬಲಗಡೆಯ ಮಣೆಯಲ್ಲಿ ಕೂತು ಹೇಳುವುದು, ಅಪ್ಪ ಮಾಂಸ ಬಿಡಿಸುತ್ತ, ಇದು ಹೇಗೆ ಬಂತು ಎಂದು ಕೇಳುವುದು. ಅವರಿಗೆ ಬೇಗ ಅರ್ಥವಾಗುವುದಿಲ್ಲ. ಅರ್ಥವಾದಂತೆ ನಟಿಸಲು ಅವಳು ಬಿಡುವುದಿಲ್ಲ. "ಒಂದೊಂದ್ಸಲ ಅವಳಿಗೆ ಸಿಟ್ಟು ಬಂದು, ಅಚ್ಛಾ ನಿನ್ನ ತಲೇಲಿ ಏನಿದೆ ಅಂತಾಳೆ," ಎಂದು ಪುಷ್ಕರನ್ ನಗುತ್ತಾರೆ. "ಕೆಸರು ಅಂತೀನಿ. ಬಾಚು, ಏನಾದ್ರೂ ಸಿಕ್ಕೀತು ಅಂತೀನಿ."

ತರಗತಿಯಲ್ಲಿ ಆದದ್ದು ಅವರಿಗೆ ಬಹಳ ದಿನ ಗೊತ್ತಿರಲಿಲ್ಲ. ಮೊದಮೊದಲು ಆರ್ದ್ರಾ ಒಬ್ಬಳೇ ಅಪ್ಪನ ಹೆಸರಿನಲ್ಲಿ ಕೇಳುತ್ತಿದ್ದಳು. ಒಂದು ದಿನ ಫಿದಾ ಎದ್ದು, "ಟೀಚರ್, ಆರ್ದ್ರಾಳ ಅಪ್ಪನಿಗೆ ಇದೂ ಅರ್ಥ ಆಗಿಲ್ಲವಂತೆ," ಎಂದಳು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ. ಆಮೇಲೆ ಇನ್ನೊಂದು. ವರ್ಷಗಟ್ಟಲೆ ಬಾಯಿ ಬಿಡದ ಮಕ್ಕಳು ಆ ಮನುಷ್ಯನ ಬೆನ್ನ ಹಿಂದೆ ನಿಂತು ಕೇಳತೊಡಗಿದರು. ಆ ಮಕ್ಕಳಲ್ಲಿ ಹೆಚ್ಚಿನವರು ಪುಷ್ಕರನ್ ಅವರನ್ನು ನೋಡಿಯೂ ಇರಲಿಲ್ಲ.

ಇದು ಅವರಿಗೆ ತಿಳಿದದ್ದು ಆ ವರ್ಷದ ಕೊನೆಯ ಪಾಲಕರ ಸಭೆಯಲ್ಲಿ. ಎಂದಿನಂತೆ ಹಿಂದಿನ ಬೆಂಚಿನ ತುದಿಯಲ್ಲಿ, ಯಾರಿಗೂ ವಾಸನೆ ಬರದಂತೆ ಕಿಟಕಿಯ ಪಕ್ಕ ಕೂತಿದ್ದರು. ಮುಂದಿನ ಸಾಲಿನ ಒಬ್ಬ ತಾಯಿ, ಒಳ್ಳೆಯ ಸೀರೆ ಉಟ್ಟವರು, ನಗುತ್ತಾ ಕೇಳಿದರು:

"ಟೀಚರ್, ಯಾರದು ಈ ಆರ್ದ್ರಾಳ ಅಪ್ಪ? ನನ್ನ ಮಗ ದಿನಾ ಅವರ ಸುದ್ದಿ ತರ್ತಾನೆ. ಪಾಪ, ಲೆಕ್ಕ ಒಂಚೂರೂ ಬರಲ್ವಂತೆ."

ಕೋಣೆ ನಕ್ಕಿತು. ಕೆಟ್ಟ ನಗುವಲ್ಲ, ಆದರೂ ನಗು. ಪುಷ್ಕರನ್ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ವರಾಂಡದಲ್ಲಿ ಆರ್ದ್ರಾ ನಿಂತಿದ್ದಳು, ಕಂಬಿ ಹಿಡಿದುಕೊಂಡು. ಅವಳ ಮುಖದ ಬಣ್ಣ ಹೋಗಿತ್ತು. ತಮ್ಮ ಹೆಸರು ಇಡೀ ತರಗತಿಯ ಬಾಯಲ್ಲಿದೆ, ಅದು ತಮಗೊಬ್ಬರಿಗೇ ಗೊತ್ತಿರಲಿಲ್ಲ ಎಂದು ಅವರಿಗೆ ಆಗ ಹೊಳೆಯಿತು. ಎದ್ದು ಹೊರಟುಬಿಡಬೇಕು ಅನ್ನಿಸಿತು.

ಎದ್ದರು. ಹೊರಡಲಿಲ್ಲ.

"ನಾನೇ," ಎಂದರು. "ಬರಲ್ಲ, ನಿಜ. ಕಲೀತಿದೀನಿ."

ಆ ತಾಯಿಯ ನಗು ಅಲ್ಲೇ ನಿಂತಿತು. ಲಿನ್ಸಿ ಟೀಚರ್ ಮೇಜಿನ ಹಿಂದಿನಿಂದ ಈಚೆ ಬಂದು, ದೊಡ್ಡದಾಗಿ ಏನೂ ಹೇಳದೆ, "ಇವರ ಡೌಟು ಬರೋಕೆ ಶುರುವಾದ ಮೇಲೆ ನನ್ನ ಕ್ಲಾಸಲ್ಲಿ ಮಾತು ಬಂತು. ಅದರಲ್ಲಿ ನಿಮ್ಮ ಮಗನದ್ದೂ ಇದೆ," ಎಂದು ಮುಂದಿನ ವಿಷಯಕ್ಕೆ ಹೋದರು.

ಗೇಟಿನ ಬಳಿ ಇನ್ನೊಬ್ಬ ಹೆಂಗಸು ಅವರನ್ನು ತಡೆದು, ಆ ಭಾನುವಾರದ ಕ್ಲಾಸು ಎಷ್ಟು ಹೊತ್ತಿಗೆ ಎಂದು ಮೆಲ್ಲಗೆ ವಿಚಾರಿಸಿದರು. ಎರಡು ಭಾನುವಾರ ಬಂದರು ಕೂಡ. ಮೂರನೆಯದಕ್ಕೆ ಬರಲಿಲ್ಲ. ಗಂಡ ಬೇಡ ಅಂದನಂತೆ.

ಸಭೆಯ ದಿನ ಮನೆಗೆ ಹೋಗುವಾಗ ತೋಡಿನ ದಂಡೆಯ ಮೇಲೆ ಅಪ್ಪ ಮುಂದೆ, ಮಗಳು ಹಿಂದೆ. ಅರ್ಧ ದಾರಿಯಲ್ಲಿ ಅವಳು ಹತ್ತಿರ ಬಂದಳು.

"ಸಿಟ್ಟಾ ಅಚ್ಛಾ?"

"ಊರಿನ ಡೌಟೆಲ್ಲಾ ತಂದು ನನ್ನ ತಲೆ ಮೇಲೆ ಹಾಕಿದೀಯಲ್ಲೇ."

"ಅರ್ಧ ನಿನ್ನವೇ."

ಅವರು ತಿರುಗಿ ನೋಡಲಿಲ್ಲ. ನಗು ಬಂದಿತ್ತು, ಅದನ್ನು ಅವಳಿಗೆ ಅಷ್ಟು ಸುಲಭಕ್ಕೆ ತೋರಿಸಲು ಮನಸ್ಸಾಗಲಿಲ್ಲ. "ನೋವಾಗಿತ್ತು," ಎನ್ನುತ್ತಾರೆ ಈಗ. "ಸುಳ್ಳು ಯಾಕೆ ಹೇಳ್ಲಿ? ಎರಡು ದಿನ ದೋಣಿ ತಗೊಂಡು ಹೋದವನು ಸುಮ್ನೆ ಅದರಲ್ಲೇ ಕೂತಿದ್ದೆ. ಆಮೇಲೆ ಅನ್ನಿಸ್ತು, ನಾನು ಕೆಳಗೆ ಹೋಗುವಾಗ ಹಗ್ಗ ಕಟ್ಕೊಂಡು ಹೋಗ್ತೀನಿ. ಆ ಮಕ್ಕಳಿಗೂ ಏನಾದ್ರೂ ಹಿಡ್ಕೊಳ್ಳೋಕೆ ಬೇಕಲ್ಲ. ನನ್ನ ಹೆಸರು ಹಿಡ್ಕೊಂಡಿದಾರೆ. ಹಿಡ್ಕೊಳ್ಳಲಿ."

ಎರಡನೆಯ ಸಲ ಬರೆದಾಗ ಪುಷ್ಕರನ್ ಲೆಕ್ಕದಲ್ಲಿ ಪಾಸಾದರು, ದಡ ಮುಟ್ಟಿದಷ್ಟೇ. ಆರ್ದ್ರಾಳ ಅಂಕ ತರಗತಿಯ ಮೇಲಿನವರ ಪೈಕಿ ಬರಲಿಲ್ಲ. ಆದರೆ ಫಿದಾಳ ಪುಸ್ತಕ ನೋಡದೆ ಬಂದ ಅಂಕ. ಮಸ್ಕತ್ತಿಗೆ ಸುದ್ದಿ ಹೇಳಿದ್ದು ಅವಳೇ. ಮೊದಲು ಇಷ್ಟು ದಿನ ಹೇಳಿದ ಸುಳ್ಳನ್ನು ಒಪ್ಪಿಕೊಂಡಳು, ಆಮೇಲೆ ಅಪ್ಪನ ಪಾಸನ್ನು ಹೇಳಿದಳು. ಅಪ್ಪನಿಗೆ ಫೋನ್ ಕೊಡು ಎಂದರು ರಜಿಮೋಳ್.

"ನನ್ನ ಮಣೆ ಮೇಲೆ ಯಾರು ಕೂರ್ತಾರೆ ಈಗ?"

"ಅವಳು."

"ಹೂಂ," ಎಂದರು ರಜಿಮೋಳ್. ಅಲ್ಲಿ ಮುದುಕಿಯ ಗಂಟೆ ಬಾರಿಸುವ ತನಕ ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದರು.

ಈಗ ಆರ್ದ್ರಾ ಒಂಬತ್ತನೇ ತರಗತಿ. ಶಾಲೆ ಬದಲಾಗಿದೆ, ದೋಣಿ ದಾಟಿ ಬಸ್ಸು ಹಿಡಿಯಬೇಕು. ಸಂಜೆ ಫಿದಾಳ ಮನೆಯಲ್ಲಿ ನಾಲ್ಕು ಹುಡುಗಿಯರು ಒಟ್ಟಿಗೆ ಕೂತು ಓದುತ್ತಾರೆ, ಅವಳು ಬರುವ ಹೊತ್ತಿಗೆ ಒಲೆ ಆರಿರುತ್ತದೆ. ಕೆಲವು ದಿನ ಅಪ್ಪನ ಮುಂದೆ ಪುಸ್ತಕ ತೆರೆದಿಡುತ್ತಾಳೆ. ಅಂಕಿಗಳಿಗಿಂತ ಅಕ್ಷರಗಳೇ ಹೆಚ್ಚಿರುವ ಲೆಕ್ಕಗಳು. ಪುಷ್ಕರನ್ ಮೊದಲ ಸಾಲಿನಿಂದ ಬೆರಳಿಟ್ಟುಕೊಂಡು ಹೊರಡುತ್ತಾರೆ, ಎರಡನೆಯ ಸಾಲು ದಾಟುವಷ್ಟರಲ್ಲಿ ದಾರಿ ತಪ್ಪುತ್ತದೆ. ಇದು ಹೇಗೆ ಬಂತು ಎಂದು ಕೇಳುತ್ತಾರೆ. ಅವಳು ಹೇಳುತ್ತಾಳೆ, ಬೇಗ ಬೇಗ, ಬಸ್ಸಿಗೆ ಹೊತ್ತಾದವಳ ಹಾಗೆ. ಅವಳು ಹೇಳುತ್ತಿರುವುದು ಸರಿಯಾಗಿಯೇ ಇದೆ ಎಂದು ಅವಳ ದನಿಯಿಂದ ಅವರಿಗೆ ಗೊತ್ತಾಗುತ್ತದೆ, ಲೆಕ್ಕದಿಂದಲ್ಲ.

ಹಳೆಯ ಶಾಲೆಯಲ್ಲಿ, ಲಿನ್ಸಿ ಟೀಚರ್ ಹೇಳುವಂತೆ, ಈಗಿನ ಏಳನೆಯವರೂ ಆರ್ದ್ರಾಳ ಅಪ್ಪನಿಗೊಂದು ಡೌಟು ಎನ್ನುತ್ತಾರೆ. ಆರ್ದ್ರಾ ಯಾರೆಂದು ಆ ಮಕ್ಕಳಲ್ಲಿ ಕೆಲವರಿಗೆ ಗೊತ್ತೇ ಇಲ್ಲ.

ಪುಷ್ಕರನ್ ಇನ್ನು ಹತ್ತನೆಯದಕ್ಕೂ ಕಟ್ಟುತ್ತಾರಾ ಎಂದು ಓಮನಾ ಚೇಚಿ ಜೆಟ್ಟಿಯಲ್ಲಿ ಕಂಡಾಗಲೆಲ್ಲ ಕೂಗುತ್ತಾರೆ. ಅವರು ಕೈಯಾಡಿಸುತ್ತಾರೆ. ಹೌದೆಂದೂ ಆಗಬಹುದು, ಇಲ್ಲವೆಂದೂ ಆಗಬಹುದು.

ಇನ್ನೇನು ಆಸೆ ಎಂದು ಕೇಳಿದರೆ ಕಡಾಯಿಯ ಕಡೆ ನೋಡುತ್ತಾರೆ.

"ಅವಳು ಮಾಡಿದ ಲೆಕ್ಕದಲ್ಲಿ ಒಂದೇ ಒಂದು ತಪ್ಪು ನನ್ನ ಕಣ್ಣಿಗೆ ಬೀಳ್ಬೇಕು," ಎನ್ನುತ್ತಾರೆ. "ದೊಡ್ಡದು ಬೇಡ, ಸಣ್ಣದೇ ಸಾಕು. ಮೋಳೇ, ಇಲ್ಲಿ ನೋಡು ಅಂತ ಕರೀಬೇಕು. ಅವಳು ಬಂದು ಪಕ್ಕದಲ್ಲಿ ಕೂತು, ಹೌದಲ್ಲ ಅಚ್ಛಾ ಅನ್ಬೇಕು. ದಿನಾ ಹುಡುಕ್ತೀನಿ. ಸಿಗ್ತಾನೇ ಇಲ್ಲ."